ದಯವಿಟ್ಟು ನನ್ನ ಕನ್ನಡಕ ಹಿಂದಿರುಗಿಸಿ

ಪಂಗಾವ್
18 ಏಪ್ರಿಲ್ 1993

ಪ್ರೀತಿಯ ಜೋವಿ,

ನಿಮ್ಮ ಪತ್ರಿಕೆಯವರು ಬಂದು ಹೋದರು. ಆರು ಜನ, ಎಂಟು ಪೆಟ್ಟಿಗೆ, ಒಂದು ದೊಡ್ಡ ಬಿಳಿ ಕೊಡೆ. ಮಳೆ ಇಲ್ಲದಿದ್ದರೂ ಕೊಡೆ ಬಿಚ್ಚಿದ್ದನ್ನು ನೋಡಿ ಪಕ್ಕದ ಮನೆಯ ಸಬ್ಯಾ ಬಿದ್ದು ಬಿದ್ದು ನಕ್ಕಳು. ಅದು ಬೆಳಕು ಹಿಡಿಯುವ ಕೊಡೆ ಎಂದು ಆಮೇಲೆ ಗೊತ್ತಾಯಿತು. ನೀನು ಕೇಳಿಕೊಂಡಂತೆ, ನೀನು ನನ್ನ ತಂಗಿಯ ಮಗಳು ಎಂದು ಯಾರಿಗೂ ಹೇಳಲಿಲ್ಲ. ಊರಿನವರಿಗೂ ಹೇಳಿಟ್ಟಿದ್ದೆ. ಯಾಕೆ ಹೇಳಬಾರದು ಎಂದು ನೀನು ಬರೆದಿರಲಿಲ್ಲ, ನಾನೂ ಕೇಳುವುದಿಲ್ಲ.

ಅವರ ಜೊತೆ ತ್ರಿನಾ ಎಂಬ ಹುಡುಗಿ ಬಂದಿದ್ದಳು, ರೂಪದರ್ಶಿಯಂತೆ. ಮುಖಕ್ಕೆ ಬಳಿದ ಬಿಳುಪು ಕುತ್ತಿಗೆಯ ತನಕ ಇಳಿದಿರಲಿಲ್ಲ. "ಒಂದ್ ತುತ್ತು ಅನ್ನ ತಿನ್ನೇ ಮಗಾ" ಅಂದರೆ "ಫೋಟೋ ಆಗ್ಲಿ ಅಜ್ಜಿ" ಅಂದಳು. ಆದಮೇಲೆ ಕೇಳಿದರೆ "ನಾಳೇನೂ ಫೋಟೋ ಇದೆ" ಅಂದಳು. ಹೀಗೆ ಬದುಕುವುದಾದರೂ ಹೇಗೋ ಕಾಣೆ.

ಅವಳ ಹಿಂದೆ ನಿಲ್ಲಲು ನಮ್ಮನ್ನು ಮೂವರನ್ನು ಆರಿಸಿದರು. ನಾನು, ಸಬ್ಯಾ, ಇಗರ್ಜಿಯ ಗಂಟೆ ಹೊಡೆಯುವ ಆಗ್ನೆಸ್. ಸ್ವೆಟರ್ ತೆಗೆಯಿರಿ ಅಂದರು, ತೆಗೆದೆವು. ಚಪ್ಪಲಿ ಬಿಡಿ ಅಂದರು, ಬಿಟ್ಟೆವು. ಬಟ್ಟೆ ನೋಡಿಕೊಳ್ಳುವ ಹುಡುಗ ನನ್ನ ಕನ್ನಡಕಕ್ಕೆ ಕೈ ಹಾಕಿದ.

"ಅಜ್ಜಿ, ಇದು ಬೇಡ. ಹಳೇ ಕಾಲದ್ ಥರ ಕಾಣ್ಬೇಕು."

"ಹಳೇ ಕಾಲ್ದಲ್ಲೂ ನಂಗೆ ಕಣ್ ಕಾಣ್ತಿರ್ಲಿಲ್ಲ ಕಣಪ್ಪಾ" ಅಂದೆ.

ಕನ್ನಡಕ ಬಿಡಲಿಲ್ಲ. ತ್ರಿನಾ ಗಡಗಡ ನಡುಗುತ್ತಿದ್ದಳು. ನಮ್ಮ ಮರದ ಪೆಟ್ಟಿಗೆಯಿಂದ ಒಂದು ಹೊದಿಕೆ ತೆಗೆದು ಅವಳಿಗೆ ಹೊದಿಸಿದರು. ಆ ವಿಷಯ ಆಮೇಲೆ ಬರೆಯುತ್ತೇನೆ. ಸಂಚಿಕೆ ಬಂದಾಗ ಐದು ಪ್ರತಿ ಕಳಿಸು. ಆಗ್ನೆಸ್ ಚೌಕಟ್ಟು ಹಾಕಿಸುತ್ತಾಳಂತೆ.

ನಿನ್ನ ದೊಡ್ಡಮ್ಮ,
ಪೆತ್ರಾ

ಮನಿಲಾ
9 ಮೇ 1993

ಪ್ರೀತಿಯ ದೊಡ್ಡಮ್ಮ,

ಪತ್ರ ತಲುಪಿತು. ಕಚೇರಿಯಲ್ಲಿ ವಿಪರೀತ ಕೆಲಸ, ಆದ್ದರಿಂದ ಚುಟುಕಾಗಿ ಬರೆಯುತ್ತಿದ್ದೇನೆ. ಫೋಟೋ ಚೆನ್ನಾಗಿ ಬಂದಿವೆ. ಒಂದು ಮುಖಪುಟಕ್ಕೇ ಹೋಗಬಹುದು. ನನ್ನ ಕೈಗೆ ಬರುವುದು ಸಣ್ಣಪುಟ್ಟ ಕೆಲಸ ಮಾತ್ರ, ಫೋಟೋ ಮೇಲಿನ ಧೂಳು ಒರೆಸುವುದು, ಗೀರು ಮುಚ್ಚುವುದು. ಉಳಿದದ್ದೆಲ್ಲ ದೊಡ್ಡವರ ತೀರ್ಮಾನ.

ಆ ಸಂಚಿಕೆ ನಮ್ಮ ಕಡೆ ಅಂಗಡಿಗಳಿಗೆ ಬರುವುದು ಅನುಮಾನ. ನನಗೂ ಐದು ಪ್ರತಿ ಸಿಗುವುದಿಲ್ಲ. ಆಗ್ನೆಸ್ ಅವರಿಗೆ ಈಗಲೇ ಚೌಕಟ್ಟು ಮಾಡಿಸಬೇಡಿ ಎಂದು ಹೇಳಿ.

ಮಂಡಿನೋವಿಗೆ ಮುಲಾಮು ಹಚ್ಚುತ್ತಿದ್ದೀರಾ? ಬಾವಿಯ ಹತ್ತಿರ ಜಾರುತ್ತದೆ, ಹುಷಾರು.

ನಿಮ್ಮ ಜೋವಿ

ಪಂಗಾವ್
27 ಜೂನ್ 1993

ಪ್ರೀತಿಯ ಜೋವಿ,

ನೀನು ಕಳಿಸದಿದ್ದರೆ ಬರುವುದಿಲ್ಲವೇ? ಕಂಡಕ್ಟರ್ ಫೌಸ್ತೋ ಬಾಗಿಯೋ ಪೇಟೆಯಿಂದ ಹತ್ತು ಪ್ರತಿ ಹೊತ್ತು ತಂದ. ಬಸ್ಸು ನಿಂತ ಕೂಡಲೇ ಊರಿಗೆ ಊರೇ ಸೇರಿತು.

ಮೊದಲು ಎಲ್ಲರೂ ನಕ್ಕರು. ಸಬ್ಯಾ ಪುಟವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಈ ಸೀದ್ಹೋದೋಳು ಯಾರೇ?"

"ನೀನೇ ಕಣೇ" ಅಂದಳು ಆಗ್ನೆಸ್.

"ನಾನಾ? ನಾನ್ ಯಾವಾಗ್ ಒಲೇಲಿ ಬಿದ್ದೆ? ಹಂಗಾದ್ರೆ ಪಕ್ಕದ ಕೊಳ್ಳಿ ನೀನು!"

ನಕ್ಕು ನಕ್ಕು ಸಾಕಾಯಿತು. ಆಮೇಲೆ ಫೌಸ್ತೋನ ಮಗಳು ಮುಖಪುಟದ ಸಾಲು ಓದಿದಳು: "ಕಾಲ ಮರೆತ ಬೆಟ್ಟದ ಕತ್ತಲಲ್ಲಿ ಒಂದು ಬೆಳಕು." ಬೆಳಕು ಎಂದರೆ ತ್ರಿನಾ. ಕತ್ತಲು ಎಂದರೆ ನಾವು ಮೂವರು. ಒಳಗೆ ಬರೆದಿದ್ದಾರೆ, ಇಲ್ಲಿಯ ಮುದುಕಿಯರಿಗೆ ತಮ್ಮ ವಯಸ್ಸು ಗೊತ್ತಿಲ್ಲ, ಎಣಿಕೆ ಬೆರಳಿಗೆ ಮುಗಿಯುತ್ತದೆ ಎಂದು. ಮೂವತ್ತನಾಲ್ಕು ವರ್ಷ ಈ ಊರಿನ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು. ನನಗೆ ಅರವತ್ತೇಳು ವರ್ಷ, ನಾಲ್ಕು ತಿಂಗಳು. ಬೇಸರವಾಯಿತು ಜೋವಿ. ಸುಳ್ಳು ಯಾಕೆ ಹೇಳಲಿ, ಅವತ್ತು ಊಟ ಸೇರಲಿಲ್ಲ.

ನನ್ನ ಕನ್ನಡಕವೂ ಇಲ್ಲ. ನಾನು ತೆಗೆದಿರಲಿಲ್ಲ, ಯಾರೋ ಅಲ್ಲಿ ತೆಗೆದಿದ್ದಾರೆ.

ಆದರೆ ಊರಿನ ತಲೆಬಿಸಿಯೇ ಬೇರೆ. ತ್ರಿನಾ ಹೊದ್ದಿರುವುದು ಹೆಣಕ್ಕೆ ಹೊದಿಸುವ ಹೊದಿಕೆ. ನೀನು ಮನಿಲಾಗೆ ಹೋದ ಮೇಲೆ, ನನ್ನ ಕಾಲಕ್ಕೆ ಎಂದು ನಾನೇ ನೇಯ್ದು ಇಟ್ಟುಕೊಂಡದ್ದು. ಆ ಹುಡುಗ ಪೆಟ್ಟಿಗೆಯಿಂದ ತಾನೇ ಎಳೆದುಕೊಂಡ. ನಾನು ಆಗ ಅಡುಗೆಮನೆಯಲ್ಲಿದ್ದೆ. ಹಿರಿಯ ವಂಗ್ದಲಿಯವರು ಚಿತ್ರ ನೋಡಿ ಎದೆ ಹಿಡಿದುಕೊಂಡರು. "ಬದುಕಿರೋ ಮಗೂಗೆ ಯಾರ್ರೀ ಇದನ್ನ ಹೊದ್ಸಿದ್ದು? ಆ ಮಗೂಗೆ ಏನಾದ್ರೂ ಆದ್ರೆ ನಮ್ಮೂರಿನ ತಲೆ ಮೇಲೆ!" ಅಂದರು. ನಮ್ಮ ಮುಖಕ್ಕೆ ಮಸಿ ಬಳಿದದ್ದರ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಹುಡುಗಿ ಆರೋಗ್ಯವಾಗಿದ್ದಾಳಾ ಎಂದು ವಿಚಾರಿಸಿ ಬರೆ. ಹಾಗೆಯೇ ನಮ್ಮ ಮುಖಕ್ಕೆ ಬಣ್ಣ ಹಚ್ಚಿದವರು ಯಾರು ಎಂದೂ ಕೇಳು.

ನಿನ್ನ ದೊಡ್ಡಮ್ಮ

ಮನಿಲಾ
4 ಜುಲೈ 1993

ದೊಡ್ಡಮ್ಮ,

ದಯವಿಟ್ಟು ಸಿಟ್ಟಾಗಬೇಡಿ. ಅದು ಮುದ್ರಣದ ತೊಂದರೆ. ಅಚ್ಚಿನ ಮನೆಯಲ್ಲಿ ಶಾಯಿ ಹೆಚ್ಚಾಗಿ ಚಿತ್ರ ಕಪ್ಪಾಯಿತಂತೆ. ಯಾರೂ ಬೇಕೆಂದು ಮಾಡಿದ್ದಲ್ಲ.

ಇಲ್ಲಿ ದೊಡ್ಡ ಗಲಾಟೆ ಎದ್ದಿದೆ. ಬಾಗಿಯೋದಲ್ಲಿ ಕಾಲೇಜು ಹುಡುಗರು ಪ್ರತಿಗಳನ್ನು ರಾಶಿ ಹಾಕಿ ನಿಮ್ಮ ಮುಖ ನೋಡಿಕೊಳ್ಳಿ ಎಂದು ಅದರ ಮೇಲೆ ಕನ್ನಡಿ ಇಟ್ಟರಂತೆ. ರೇಡಿಯೋದಲ್ಲಿ ದಿನವೂ ಅದೇ ಮಾತು. ಚೀಲಗಟ್ಟಲೆ ಪತ್ರ ಬರುತ್ತಿವೆ. ಅರ್ಧ ಜನ ನಾಚಿಕೆಯಾಗಬೇಕು ಅನ್ನುತ್ತಾರೆ, ಇನ್ನರ್ಧ ಜನ ಚಿತ್ರ ಚೆನ್ನಾಗಿಯೇ ಇದೆ, ಬೆಟ್ಟದವರಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ನಮ್ಮ ಸಂಪಾದಕಿ ಮಿಸೆಸ್ ಓಕಾಂಪೊ ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲ ಎಂದು ಎಲ್ಲರಿಗೂ ಒಂದೇ ಉತ್ತರ ಬರೆಸುತ್ತಿದ್ದಾರೆ.

ಹುಡುಗರು ಪಂಗಾವ್‌ಗೂ ಬರಬಹುದು. ಯಾವ ಕಾಗದಕ್ಕೂ ಸಹಿ ಹಾಕಬೇಡಿ ದೊಡ್ಡಮ್ಮ, ನನ್ನ ಮೇಲಾಣೆ. ನಿಮ್ಮ ಹೆಸರು ಬಂದರೆ ನನ್ನ ಹೆಸರು ಬರುತ್ತದೆ. ಈ ಕೆಲಸಕ್ಕಾಗಿ ನಾನು ಎಷ್ಟು ಕಷ್ಟಪಟ್ಟೆ ಎಂದು ನಿಮಗೆ ಗೊತ್ತು.

ತ್ರಿನಾ ಸಿಕ್ಕಿಲ್ಲ. ಜ್ವರದಲ್ಲಿ ಮಲಗಿದ್ದಾಳೆ, ಬೀದಿಯಲ್ಲಿ ಜನ ಅವಳನ್ನು ಬೈಯುತ್ತಿದ್ದಾರೆ ಎಂದು ಯಾರೋ ಹೇಳಿದರು.

ಜೋವಿ

ಪಂಗಾವ್
16 ಜುಲೈ 1993

ಪ್ರೀತಿಯ ಜೋವಿ,

ತ್ರಿನಾಗೆ ಜ್ವರ ಎಂದು ಬರೆದೆಯಲ್ಲ, ಅಷ್ಟು ಸಾಕಾಯಿತು. ವಂಗ್ದಲಿಯವರು ಕೋಲು ಊರಿಕೊಂಡು ಮನೆ ಮನೆಗೆ ಹೋದರು. ಮೊನ್ನೆ ನಮ್ಮ ಅಂಗಳದಲ್ಲಿ ಒಂದು ಹಂದಿ, ಎರಡು ಕೋಳಿ ಬಲಿ ಆದವು. ಹಿರಿಯರೆಲ್ಲ ಕೂತು, ಸತ್ತವರನ್ನು ಕರೆದು, "ಆ ಮಗೂಗೆ ಗೊತ್ತಿರ್ಲಿಲ್ಲ, ಅವಳನ್ನ ಬಿಟ್ಬಿಡಿ" ಎಂದು ಕೇಳಿಕೊಂಡರು. ಪಾದ್ರಿಯೂ ಬಂದರು. ಇದೆಲ್ಲ ಅಷ್ಟು ಸರಿಯಲ್ಲ ಎಂದು ಹೇಳಿ ಎರಡು ಪಾಲು ತಿಂದರು.

ಯಾರ ಸಲುವಾಗಿ ಕೊಯ್ದಿದ್ದೋ ಅವರು ಪಾಲು ತಿನ್ನದಿದ್ದರೆ ಕೆಲಸ ಮುಗಿಯುವುದಿಲ್ಲ, ಗೊತ್ತಲ್ಲ. ತ್ರಿನಾಳ ಪಾಲನ್ನು ಉಪ್ಪು ಹಚ್ಚಿ ಹೊಗೆಗೆ ಕಟ್ಟಿದ್ದೇನೆ. ಎರಡು ವಾರದಲ್ಲಿ ಎತಾಗ್ ಆಗುತ್ತದೆ, ಫೌಸ್ತೋ ಕೈಲಿ ಕಳಿಸುತ್ತೇನೆ. ನೀನೇ ಹೋಗಿ, ಕೋಳಿಯ ಜೊತೆ ಕುದಿಸಿ, ಎದುರಿಗೆ ಕೂತು ತಿನ್ನಿಸು. ವಾಸನೆಗೆ ಮೂಗು ಮುರಿದರೆ ಬಿಡಬೇಡ.

ಕಾಲೇಜು ಹುಡುಗರು ಬಂದಿದ್ದರು. ಒಳ್ಳೆಯ ಮಕ್ಕಳು. ಅವರ ಮನವಿಯಲ್ಲಿ ನನ್ನನ್ನು "ಅಸಹಾಯಕ ವೃದ್ಧೆ" ಎಂದು ಬರೆದಿದ್ದರು. "ಅವ್ರು ಕಾಡುಪ್ರಾಣಿ ಮಾಡಿದ್ರು, ನೀವು ಬಡಪ್ರಾಣಿ ಮಾಡ್ತಿದೀರಾ?" ಅಂದೆ. ಪಾಪ, ಕಿವಿಯವರೆಗೂ ಕೆಂಪಾದರು. ಅದಕ್ಕೆ ಸಹಿ ಹಾಕಲಿಲ್ಲ. ನನ್ನ ಪತ್ರ ನಾನೇ ಬರೆದು ಅಂಚೆಗೆ ಹಾಕಿದೆ. ನಿನ್ನ ಹೆಸರು ಅದರಲ್ಲಿಲ್ಲ, ಹೆದರಬೇಡ. ನಕಲು ಇಲ್ಲಿದೆ:

"ಸಂಪಾದಕರಿಗೆ ನಮಸ್ಕಾರ. ನಿಮ್ಮ ಜೂನ್ ಮುಖಪುಟದಲ್ಲಿ ಎಡದಿಂದ ಎರಡನೆಯವಳು ನಾನು. ನನ್ನ ಬಣ್ಣ ಕಂದು, ಅದರ ಬಗ್ಗೆ ನನಗಾಗಲಿ ದೇವರಿಗಾಗಲಿ ಇದುವರೆಗೆ ದೂರಿಲ್ಲ. ಕಪ್ಪು ಬಣ್ಣದ ಮೇಲೂ ದೂರಿಲ್ಲ, ಅದೂ ಅವನದೇ ಕೆಲಸ. ನೋಡಿದವರು ಹೆದರಲಿ ಎಂದು ನೀವು ಅದನ್ನು ನಮಗೆ ಬಳಿದಿರಲ್ಲ, ದೂರು ಅದರ ಮೇಲೆ. ನಮಗೆ ಎಣಿಸಲು ಬಾರದು ಎಂದಿದ್ದೀರಿ. ನಿಮ್ಮ ಲೇಖನದಲ್ಲಿ ಬೆಳಿಗ್ಗೆ ಐದಕ್ಕೆ ಹೊರಟು ಮಧ್ಯಾಹ್ನ ಮೂರಕ್ಕೆ ತಲುಪಿದೆವು, ಹನ್ನೆರಡು ಗಂಟೆಯ ಪ್ರಯಾಣ ಎಂದಿದೆ. ಐದರಿಂದ ಮೂರಕ್ಕೆ ಹತ್ತು ಗಂಟೆ. ಕೊನೆಯದಾಗಿ, ನಾನು ಕನ್ನಡಕ ಹಾಕಿಕೊಂಡಿದ್ದೆ. ದಯವಿಟ್ಟು ನನ್ನ ಕನ್ನಡಕ ಹಿಂದಿರುಗಿಸಿ. ಪೆತ್ರಾ ದಲಿಂಗೆ, ನಿವೃತ್ತ ಶಿಕ್ಷಕಿ."

ಇನ್ನು ನಿನ್ನ ಶಾಯಿಯ ಮಾತು. ಮುಖಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ ಜೋವಿ. ಶಾಯಿ ಹೆಚ್ಚಾದರೆ ಎಲ್ಲವೂ ಕಪ್ಪಾಗಬೇಕು. ಸಬ್ಯಾಳ ಕೈ ಕಪ್ಪಾಗಿದೆ, ಆಗ್ನೆಸ್ ಕೈ ಕಪ್ಪಾಗಿದೆ. ನನ್ನ ಕೈಗಳು ಮಾತ್ರ ಇದ್ದ ಹಾಗೇ ಇವೆ. ಬೆರಳಿನ ಗಂಟು, ನೂಲು ಕೊರೆದ ಗೆರೆ, ಎಲ್ಲ ಇದೆ. ಬಣ್ಣ ಹಚ್ಚಿದವರಿಗೆ ಆ ಕೈಗಳ ಹತ್ತಿರ ಬಂದಾಗ ಕುಂಚ ಓಡಲಿಲ್ಲ ಎಂದು ಕಾಣುತ್ತದೆ. ಅವರನ್ನು ನೀನು ಬಲ್ಲೆಯಾದರೆ ಹೇಳು: ಮುದುಕಿ ನೋಡಿದ್ದಾಳೆ, ಊಟ ಬಿಡಬೇಡ ಅಂದಿದ್ದಾಳೆ ಎಂದು.

ನಿನ್ನ ದೊಡ್ಡಮ್ಮ

ಪಂಗಾವ್
11 ಆಗಸ್ಟ್ 1993

ಜೋವಿ,

ಎತಾಗ್ ನಿನ್ನ ಕೈಗೇ ಕೊಟ್ಟೆ, ನೀನು ಒಂದು ಮಾತೂ ಆಡಲಿಲ್ಲ ಎಂದು ಫೌಸ್ತೋ ಹೇಳಿದ. ನಾಲ್ಕು ಸಾಲು ಬರೆ. ಬೈಯುವುದಿಲ್ಲ.

ಪೆತ್ರಾ

ಮನಿಲಾ
29 ಆಗಸ್ಟ್ 1993

ದೊಡ್ಡಮ್ಮ,

ಬಣ್ಣ ಹಚ್ಚಿದ್ದು ನಾನು. ನಿಮಗೆ ಗೊತ್ತು. ಆದರೂ ನನ್ನ ಕೈಯಿಂದ ಬರೆಯಬೇಕು.

ಚಿತ್ರ ವಿಭಾಗದ ರಾಮಿಲ್ ಫೋಟೋವನ್ನು ನನ್ನ ಮೇಜಿನ ಮೇಲಿಟ್ಟು, "ಇವ್ರು ಬೆಟ್ಟದೋರ್ ಥರಾನೇ ಕಾಣ್ತಿಲ್ವಲ್ಲಾ. ಆ ಕನ್ನಡಕದಜ್ಜಿ ನೋಡು, ನಮ್ ಲೆಕ್ಕದ ಮೇಡಮ್ ಇದ್ದಂಗಿದಾರೆ. ಸ್ವಲ್ಪ ಕಪ್ಪು ಮಾಡು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ದೊಡ್ಡಮ್ಮ. ಮೂರು ದಿನ ಕೂತು ಮಾಡಿದೆ. ನಿಮ್ಮ ಕನ್ನಡಕ ಅಳಿಸಿದ ಮೇಲೆ ನೀವು ನನ್ನನ್ನೇ ನೇರವಾಗಿ ನೋಡುತ್ತಿದ್ದಿರಿ. ಕೈಗಳಿಗೆ ಬಂದಾಗ ಆಗಲಿಲ್ಲ. ಅಮ್ಮ ಹೋದಾಗ ನನಗೆ ಐದು ವರ್ಷ, ಆ ಕೈಗಳೇ ನನ್ನ ತಲೆ ಬಾಚಿದ್ದು. ಉಳಿದ ಎಲ್ಲಕ್ಕೂ ನನ್ನ ಕೈ ಬಂತು.

ಇಲ್ಲಿಗೆ ಬಂದ ಮೊದಲ ವಾರ ಹಾಸ್ಟೆಲಿನ ಹುಡುಗಿಯೊಬ್ಬಳು ಕೇಳಿದ್ದಳು, "ನೀವು ಬೆಟ್ಟದೋರಿಗೆ ಬಾಲ ಇರುತ್ತಂತೆ, ಹೌದಾ?" ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದು. ಅವತ್ತಿನಿಂದ ನಮ್ಮದು ಬಯಲಿನ ಕಡೆ ಎಂದು ಹೇಳುತ್ತಾ ಬಂದೆ. ಎಂಟು ವರ್ಷ. ಒಮ್ಮೆ ಹೇಳಿದ ಸುಳ್ಳಿಗೆ ದಿನವೂ ನೀರೆರೆಯಬೇಕು.

ಎತಾಗ್ ಹಿಡಿದು ತ್ರಿನಾಳ ಕೋಣೆಗೆ ಹೋದೆ. ಎಲ್ಲ ಹೇಳಿದೆ, ಹೊದಿಕೆಯ ವಿಷಯವನ್ನೂ.

"ನಾನು ಹೆಣದ ಬಟ್ಟೆ ಹಾಕ್ಕೊಂಡು ನಗ್ತಾ ನಿಂತಿದ್ನಾ?"

"ಹೂಂ."

"ಅದಕ್ಕೆ ಅವರು ನನ್ ಮೇಲೆ ಸಿಟ್ಟಾಗಿದಾರಾ?"

"ಇಲ್ಲ. ನಿನಗೇನೂ ಆಗ್ದೇ ಇರ್ಲಿ ಅಂತ ಹಂದಿ ಕೊಯ್ದಿದಾರೆ."

ಅವಳು ಅತ್ತಳು, ಆಮೇಲೆ ಎರಡು ಬಟ್ಟಲು ಸಾರು ಕುಡಿದಳು, ಮೂಳೆಯನ್ನೂ ಬಿಡಲಿಲ್ಲ. ವಾಸನೆಗೆ ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು, ಅವರಿಗೂ ಕೊಟ್ಟೆವು. ಅವಳು ಸಮಾರ್ ದ್ವೀಪದವಳು, ಅಪ್ಪ ಮೀನು ಹಿಡಿಯುತ್ತಾರೆ. "ನಾನೂ ಇಷ್ಟು ಬಿಳಿ ಇಲ್ಲ ಗೊತ್ತಾ?" ಅಂದಳು. "ಮುಖಪುಟ ನೋಡಿ ನಮ್ಮಮ್ಮ, ಇದ್ಯಾರ್ ಮಗಳೇ ಅಂದ್ಳು." ಅವಳನ್ನು ಬಿಳಿ ಮಾಡಿದ್ದೂ ನಾನೇ. ಅದನ್ನೂ ಹೇಳಿದೆ.

ಸೋಮವಾರದ ಸಭೆಯಲ್ಲಿ ಮಿಸೆಸ್ ಓಕಾಂಪೊ ನಿಮ್ಮ ಪತ್ರ ಓದಿದರು. ಪ್ರಯಾಣದ ಲೆಕ್ಕ ಬಂದಾಗ ಒಬ್ಬರು ಬೆರಳಿನಲ್ಲೇ ಎಣಿಸಿ ನೋಡಿದರು. "ಇದನ್ನ ಯಾರೋ ವಕೀಲ ಬರ್ದ್ಕೊಟ್ಟಿರ್ಬೇಕು" ಅಂದ ರಾಮಿಲ್.

ಎದ್ದು ನಿಂತೆ. "ವಕೀಲ ಅಲ್ಲ. ನಮ್ ದೊಡ್ಡಮ್ಮ. ನನ್ನ ಸಾಕಿದೋರು" ಅಂದೆ.

"ನೀನು ಹಂಗೆ ಕಾಣೋದೇ ಇಲ್ವಲ್ಲಾ?" ಅಂದಳು ಪಕ್ಕದವಳು.

"ಹೆಂಗ್ ಕಾಣ್ಬೇಕಿತ್ತು?" ಅಂದೆ.

ಕೆಲಸ ಹೋಗಿಲ್ಲ, ಹೋಗುತ್ತದೋ ಏನೋ ಇನ್ನೂ ಗೊತ್ತಿಲ್ಲ. ಅಕ್ಟೋಬರ್ ಸಂಚಿಕೆಯಲ್ಲಿ ನಿಮ್ಮ ಪತ್ರವನ್ನು ಒಂದು ಪದ ಬಿಡದೆ ಹಾಕುತ್ತೇವೆ ಎಂದು ಮಿಸೆಸ್ ಓಕಾಂಪೊ ಒಪ್ಪಿದ್ದಾರೆ. ಮುಖಪುಟ ಸಿಗಲಿಲ್ಲ, ನಾಲ್ಕನೇ ಪುಟ. ಚಿತ್ರವನ್ನು ಮೂಲ ನೆಗೆಟಿವ್‌ನಿಂದಲೇ ತೆಗೆದುಕೊಟ್ಟಿದ್ದೇನೆ, ಕುಂಚ ಮುಟ್ಟಿಸಿಲ್ಲ. ಒಂದು ಧೂಳಿನ ಕಣ ಇತ್ತು, ಅದನ್ನೂ ಬಿಟ್ಟೆ.

ನಿಮ್ಮ ಮುಂದೆ ಬರಲು ಮುಖವಿಲ್ಲ. ಬಾ ಅಂದರೆ ಬರುತ್ತೇನೆ.

ಜೋವಿ

ಪಂಗಾವ್
10 ಅಕ್ಟೋಬರ್ 1993

ನನ್ನ ಮಗಳೇ,

ನಾಲ್ಕನೇ ಪುಟ ಬಂತು. ನನ್ನ ಕನ್ನಡಕ ಬಂತು! ಗಾಜಿನಲ್ಲಿ ಆ ಬಿಳಿ ಕೊಡೆಯೂ ಕಾಣುತ್ತದೆ. ಆಗ್ನೆಸ್ ಚೌಕಟ್ಟು ಹಾಕಿಸಿಬಿಟ್ಟಿದ್ದಾಳೆ. ಸಬ್ಯಾಗೆ ಮಾತ್ರ ಸಮಾಧಾನವಿಲ್ಲ. "ಆ ಕಪ್ಪಲ್ಲಿ ಸುಕ್ಕು ಕಾಣ್ತಿರ್ಲಿಲ್ಲ" ಅನ್ನುತ್ತಾಳೆ. ಸಮಾರ್‌ನ ತಾಯಿಯೊಬ್ಬಳಿಂದ ಒಣಮೀನಿನ ಪೊಟ್ಟಣ ಬಂದಿದೆ, ಊರಿಗೆಲ್ಲ ಹಂಚಿದೆವು. ಮಿಸೆಸ್ ಓಕಾಂಪೊ ಅವರ ಕಾಗದವೂ ಬಂದಿದೆ. ಪ್ರಯಾಣ ಹತ್ತು ಗಂಟೆಯೇ ಎಂದು ಒಪ್ಪಿಕೊಂಡಿದ್ದಾರೆ. ಉಳಿದದ್ದನ್ನು ಒಪ್ಪಲು ಇನ್ನೂ ಸ್ವಲ್ಪ ಕಾಲ ಬೇಕು, ಮೂರನೇ ಕ್ಲಾಸಿನ ಮಕ್ಕಳೂ ಹಾಗೇ.

ಈಗ ನನ್ನ ಸರದಿ. ಹೊದಿಕೆ ಎಳೆದುಕೊಂಡಾಗ ನಾನು ಅಡುಗೆಮನೆಯಲ್ಲಿದ್ದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನಾನು ಅಲ್ಲೇ ನಿಂತಿದ್ದೆ. ಆ ಹುಡುಗ ನನ್ನನ್ನು ಕೇಳಿದ, "ಅಜ್ಜಿ, ಇದು ಯಾತಕ್ಕೆ?" ಹೆಣಕ್ಕೆ ಎಂದು ಹೇಳಲು ಬಾಯಿ ತೆರೆದೆ. ಬದುಕಿರುವಾಗಲೇ ಹೆಣದ ಬಟ್ಟೆ ಮನೆಯಲ್ಲಿಟ್ಟುಕೊಳ್ಳುವ ಕಾಡುಜನ ಎಂದು ಬರೆದುಬಿಟ್ಟರೆ ಎಂದು ನಾಚಿಕೆಯಾಯಿತು. "ಚಳಿಗೆ" ಅಂದೆ. ಅರವತ್ತೇಳು ವರ್ಷದ ಮೇಷ್ಟರಮ್ಮ, ಮನಿಲಾದ ಒಬ್ಬ ಪೋರನ ಮುಂದೆ ನನ್ನ ಸಾವನ್ನೇ ಬಚ್ಚಿಟ್ಟೆ. ನೀನು ಊರನ್ನು ಬಚ್ಚಿಟ್ಟೆ. ನಿನಗೆ ಬಾಲದ ಹೆದರಿಕೆ, ನನಗೆ ಬಟ್ಟೆಯ ಹೆದರಿಕೆ. ನಿನ್ನನ್ನು ಬೈಯಲು ನನಗೆಲ್ಲಿದೆ ಬಾಯಿ? ಮೊನ್ನೆ ವಂಗ್ದಲಿಯವರಿಗೂ ನಿಜ ಹೇಳಿದೆ. ಅವರು "ಇನ್ನೊಂದು ಕೋಳಿ ಆಗುತ್ತೆ ಬಿಡು" ಅಂದರು.

ಬದುಕಿದವಳು ಹೊದ್ದು, ಬಲಿಯೂ ಮುಗಿದ ಮೇಲೆ ಅದು ಹೆಣದ ಹೊದಿಕೆಯಲ್ಲ, ನನಗೆ ಬರುವುದಿಲ್ಲ. ತ್ರಿನಾಗೇ ಇರಲಿ, ಚಳಿಗೆ. ನನಗೆ ಹೊಸದನ್ನು ನೇಯಲು ಶುರು ಮಾಡಿದ್ದೇನೆ. ಕಣ್ಣು ಮೊದಲಿನಂತಿಲ್ಲ, ನೂಲು ಹಾಸುವಾಗ ಇನ್ನೊಬ್ಬರು ಎದುರು ಕೂತು ಹಿಡಿಯಬೇಕು. ಅದು ಮುಗಿಯುವವರೆಗೆ ನಾನು ಸಾಯುವ ಹಾಗಿಲ್ಲ, ಆದ್ದರಿಂದ ಅವಸರವೇನೂ ಇಲ್ಲ. ಆದರೂ ಕ್ರಿಸ್ಮಸ್‌ಗೆ ಬಾ. ತ್ರಿನಾ ಬರುವುದಾದರೆ ಕರೆದುಕೊಂಡು ಬಾ, ಅನ್ನ ತಿನ್ನುತ್ತಾಳೆ ಎಂದಾದರೆ.

ಬಸ್ಸಿನಲ್ಲಿ ಯಾವೂರು ಎಂದು ಕೇಳುತ್ತಾರೆ. ಪಂಗಾವ್ ಎಂದು ಹೇಳು. ಜೋರಾಗಿ ಹೇಳು, ಫೌಸ್ತೋಗೆ ಈಗೀಗ ಕಿವಿ ಮಂದ.

ನಿನ್ನ ದೊಡ್ಡಮ್ಮ,
ಪೆತ್ರಾ